ದೊಡ್ಡಪ್ಪನ ಸೇನಾ ಮೆಡಲ್‌ಗೆ ಫ್ರೇಮ್: ಹಲಸೂರು ಕಡೆಯ ಸಣ್ಣ ಅಂಗಡಿ, 5ಕ್ಕೆ 4

ಅಂಗಡಿಯ ಹೆಸರು ಹಾಕುತ್ತಿಲ್ಲ. ಅವರ ಒಂದು ತಪ್ಪನ್ನೂ ಬರೆಯುತ್ತಿದ್ದೇನೆ, ಪಾಪ, ಕೇಳಿದ ತಕ್ಷಣ ತಿದ್ದಿಕೊಟ್ಟರು.

ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು (ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡುವ ಎಂಜಿನಿಯರ್ ಪಡೆ), 9 ಎಂಜಿನಿಯರ್ ರೆಜಿಮೆಂಟ್. 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಶಕರ್‌ಗಢದ ಕಡೆ ಬಸಂತರ್ ನದಿಯ ಹತ್ತಿರ ಇದ್ದರು. ಬಸಂತರ್ ಅಂದರೆ ಎಲ್ಲರಿಗೂ ನೆನಪಾಗುವುದು ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್, 21 ವರ್ಷದ ಅರುಣ್ ಖೇತ್ರಪಾಲ್, ಪರಮವೀರ ಚಕ್ರ. ಸರಿಯೇ. ಆದರೆ ಟ್ಯಾಂಕ್ ಹೋಗಲು ದಾರಿ ಬೇಕಲ್ವಾ? ನೆಲಬಾಂಬ್ ಹೂತಿಟ್ಟ ಹೊಲದಲ್ಲಿ, ಶೆಲ್ ಬೀಳುತ್ತಿರುವಾಗ ಆ ದಾರಿ ಬಿಡಿಸಿದವರು ತಂಬಿಗಳು (ಸೈನ್ಯದಲ್ಲಿ ಮದ್ರಾಸ್ ಸ್ಯಾಪರ್‌ಗಳಿಗೆ ಇದೇ ಹೆಸರು). ಮುಂದೆ ನಿಂತು ಕೆಲಸ ಮಾಡಿಸುತ್ತಿದ್ದ ಮೇಜರ್ ವಿಜಯ್ ರತನ್ ಚೌಧರಿ ಅಲ್ಲೇ ಪ್ರಾಣ ಬಿಟ್ಟರು, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ದೊಡ್ಡಪ್ಪನಿಗೆ ಸೇನಾ ಮೆಡಲ್. ಕೇಳಿದರೆ "ರಾತ್ರಿಯೆಲ್ಲ ನೆಲ ಕೆದಕಿದ್ವಿ ಕಣೋ" ಅನ್ನುತ್ತಿದ್ದರು, ಅಷ್ಟೇ.

ಅವರು ಹೋದ ಮೇಲೆ ಮೆಡಲ್‌ಗಳು ದೊಡ್ಡಮ್ಮನ ಬೀರುವಿನಲ್ಲಿ, ಹಳೇ ಬಿಸ್ಕತ್ ಡಬ್ಬಿಯೊಳಗೆ ಇದ್ದವು. ಮೂರು: ಸೇನಾ ಮೆಡಲ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ (ಕೊನೆಯ ಎರಡೂ 1971ರ ಯುದ್ಧದಲ್ಲಿದ್ದವರಿಗೆ ಕೊಟ್ಟಿದ್ದು). ಮೊದಲು ಹೋದ ಅಂಗಡಿಯವನು ಅಂಟು ಹಾಕಿ ಅಂಟಿಸಿಬಿಡೋಣ ಅಂದ. ಡಬ್ಬಿ ಎತ್ತಿಕೊಂಡು ಎದ್ದು ಬಂದೆ. ಅಂಟಿಸಿದರೆ ಮುಗೀತು, ಅಂಚಿನಲ್ಲಿ ಕೆತ್ತಿರುವ ನಂಬರ್, ಹೆಸರು ಯಾರು ನೋಡಬೇಕು? ನಮ್ಮ ಮನೆಯದು ಅಂತ ಗೊತ್ತಾಗುವುದೇ ಅದರಿಂದ.

ಈ ಅಂಗಡಿಯ ಯಜಮಾನರು ಮೊದಲು ಮೆಡಲ್ ಕೈಗೆ ತಗೊಂಡು ಅಂಚು ತಿರುಗಿಸಿ ಭೂತಗನ್ನಡಿ ಹಿಡಿದು ಓದಿದರು. ಅಲ್ಲೇ ನನಗೆ ಇಷ್ಟವಾಯಿತು. ಒಂದು ಇಂಚು ಆಳದ ಡಬ್ಬಿ ಫ್ರೇಮ್ ಮಾಡಿ, ಮೆಡಲ್‌ಗಳನ್ನು ರಿಬ್ಬನ್ನಿನ ಮೇಲೆ ಮಾತ್ರ ದಾರದಿಂದ ಹೊಲಿದು ತೂಗುಹಾಕಿದ್ದಾರೆ. ಹಿಂದಿನ ಹಲಗೆಗೆ ಮೊಳೆ ಇಲ್ಲ, ತಿರುಗಿಸುವ ಕ್ಲಿಪ್. ಬೇಕಾದಾಗ ತೆಗೆದು ಅಂಚು ನೋಡಬಹುದು. ಸೇನಾ ಮೆಡಲ್‌ನ ಹಳೇ ರಿಬ್ಬನ್ ಸವೆದು ಹೋಗಿತ್ತು, ಕೆಂಪಿನ ನಡುವೆ ಬಿಳಿ ಗೆರೆಯ ಹೊಸದು ತರಿಸಿದರು, ಹಳೆಯದನ್ನು ಎಸೆಯದೆ ಹಿಂದೆ ಕವರಿನಲ್ಲಿ ಇಟ್ಟುಕೊಟ್ಟರು. ಪ್ರಶಸ್ತಿ ಪತ್ರದ ಜೆರಾಕ್ಸ್ ಮಾತ್ರ ಹಾಕಿ, ಅಸಲಿ ಬಿಸಿಲಿಗೆ ಮಾಸಿಹೋಗುತ್ತೆ ಅಂತ ಅವರೇ ಹೇಳಿದ್ದು.

ಈಗ ತಪ್ಪು. ಚೆಂದ ಕಾಣಲಿ ಅಂತ ಸೇನಾ ಮೆಡಲನ್ನು ಮಧ್ಯಕ್ಕೆ ಇಟ್ಟಿದ್ದರು. ಹಾಗೆ ಇಡುವಂತಿಲ್ಲ. ಗೌರವದಲ್ಲಿ ದೊಡ್ಡದು, ಅಂದರೆ ಸೇನಾ ಮೆಡಲ್, ನೋಡುವವರ ಎಡಗಡೆ ಮೊದಲು ಬರಬೇಕು, ಆಮೇಲೆ ಪಶ್ಚಿಮಿ ಸ್ಟಾರ್, ಕೊನೆಗೆ ಸಂಗ್ರಾಮ್. ಹೇಳಿದ ಮೇಲೆ ಬಿಚ್ಚಿ ಮತ್ತೆ ಹೊಲಿದರು, ಕಾಸು ಕೇಳಲಿಲ್ಲ, ಆದರೆ ವಾರದ ಕೆಲಸ ಹನ್ನೆರಡು ದಿನ ಆಯಿತು. ನೀವು ಕೊಡುವಾಗ ಮೊದಲೇ ಸಾಲಾಗಿ ಜೋಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿ. ಪಾಲಿಶ್ ಮಾಡಬೇಡಿ ಅಂತಲೂ ಹೇಳಿ. ಬೆಳ್ಳಿ ಕಪ್ಪಾಗಿದ್ದರೆ ಇರಲಿ ಬಿಡಿ, ಸುಮ್ನೆ ಉಜ್ಜಿದರೆ ಅಕ್ಷರ ಸವೆಯುತ್ತದೆ. ಇವರ ಹುಡುಗ ಬ್ರಾಸೊ ಡಬ್ಬಿ ಕೈಗೆತ್ತಿಕೊಂಡಿದ್ದ, ನಾನು ಕೂಗಿದೆ.

ಒಟ್ಟು 1,850 ರೂಪಾಯಿ. ಹೊಳಪು ಹೊಡೆಯದ ಗಾಜಿಗೆ 600 ಜಾಸ್ತಿ ಅಂದರು, ಬೇಡ ಅಂದೆ. ಜಿಪುಣತನ ಮಾಡಬಾರದಿತ್ತು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ನೋಡಿದರೆ ಅವರಿಗೆ ಕಾಣುವುದು ಟ್ಯೂಬ್‌ಲೈಟ್. ಮೆಡಲ್ ನೋಡಬೇಕೆಂದರೆ ಎದ್ದು ಹೋಗಿ ಪಕ್ಕಕ್ಕೆ ನಿಲ್ಲಬೇಕು.