ದೋಣಿಯಿಂದ ಇಳಿಯುವಾಗ ಜೇಬಿನಲ್ಲಿರುವವು: ಡೈವಿಂಗ್ ಸುರಕ್ಷಾ ಸಾಮಗ್ರಿಗಳ ಒಂಬತ್ತು ವರ್ಷಗಳ ಬಳಕೆ

ಸ್ಕೂಬಾ ಡೈವಿಂಗಿನ ಸುರಕ್ಷಾ ಮತ್ತು ಸಂಕೇತ ಸಾಮಗ್ರಿಗಳನ್ನು ಕುರಿತು ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಪೊಟ್ಟಣ ಬಿಚ್ಚಿದ ವಾರದಲ್ಲೇ ಬರೆದವು. ಉಪ್ಪುನೀರು ಒಂದು ವಸ್ತುವನ್ನು ಏನು ಮಾಡುತ್ತದೆ ಎಂಬುದು ತಿಳಿಯಲು ಎರಡು ಮೂರು ವರ್ಷಗಳಾದರೂ ಬೇಕು. ಆ ವಸ್ತು ನಿಜವಾಗಿ ಬೇಕಾದ ದಿನ ಕೈಗೆ ಸಿಗುತ್ತದೆಯೇ ಎಂಬುದು ತಿಳಿಯಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಗಬಹುದು. ಒಂಬತ್ತು ವರ್ಷಗಳಲ್ಲಿ ನಾನು ನಾನೂರಕ್ಕೂ ಹೆಚ್ಚು ಬಾರಿ ದೋಣಿಯಿಂದ ನೀರಿಗಿಳಿದಿದ್ದೇನೆ. ಈ ಸಾಮಗ್ರಿಗಳು ಅನಿವಾರ್ಯವಾಗಿದ್ದು ಅವುಗಳಲ್ಲಿ ಎರಡೇ ಬಾರಿ. ಮೊದಲು ಕೊಂಡ ಏಳು ವಸ್ತುಗಳ ಪೈಕಿ ಇಂದು ನನ್ನ ಬಲತೊಡೆಯ ಜೇಬಿನಲ್ಲಿ ಉಳಿದಿರುವುದು ಕನ್ನಡಿಯೊಂದೇ. ಉಳಿದವು ಕೆಟ್ಟುಹೋದವು, ಕಳೆದುಹೋದವು ಇಲ್ಲವೇ ಉಪಯೋಗಕ್ಕೆ ಬಾರವೆಂದು ನಾನೇ ತೆಗೆದಿಟ್ಟೆ.

ಇವೆಲ್ಲ ಏಕೆ ಬೇಕೆಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ನಾಟ್ ವೇಗದ ಸೆಳೆತ ನಿಮಿಷಕ್ಕೆ ಸುಮಾರು 31 ಮೀಟರ್ ಒಯ್ಯುತ್ತದೆ. ಅರ್ಧ ಗಂಟೆಯಲ್ಲಿ ಅದು 900 ಮೀಟರ್ ದಾಟುತ್ತದೆ. ಆ ಸೆಳೆತಕ್ಕೆ ಎದುರಾಗಿ ಹೆಚ್ಚು ಹೊತ್ತು ಈಜುವುದು ಸಾಮಾನ್ಯ ಡೈವರ್‌ಗೆ ಸಾಧ್ಯವಿಲ್ಲ. ನೀರಿನ ಮೇಲೆ ಕಾಣುವುದು ಅವನ ತಲೆ ಮಾತ್ರ, ಅಂದರೆ ತೇಲುವ ತೆಂಗಿನಕಾಯಿಗಿಂತ ತುಸು ದೊಡ್ಡದು. ಎರಡು ಮೀಟರ್ ಎತ್ತರದಿಂದ ನೋಡುವ ದೋಣಿಯವನಿಗೆ ದಿಗಂತ ಸುಮಾರು 5 ಕಿಲೋಮೀಟರ್ ದೂರದಲ್ಲಿದ್ದರೂ, ಅರ್ಧ ಮೀಟರಿನ ಅಲೆಗಳೆದ್ದರೆ ಕೆಲವು ನೂರು ಮೀಟರ್ ಆಚೆಗಿನ ತಲೆ ಅವನ ಕಣ್ಣಿಗೆ ಬೀಳುವುದು ಅದೃಷ್ಟದ ಮಾತು. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ದೋಣಿಯೊಂದು ಮರಳಿತು. ಅವರು ಇಲ್ಲವೆಂಬುದು ಗೊತ್ತಾದದ್ದು ಎರಡು ದಿನಗಳ ನಂತರ, ದೋಣಿಯಲ್ಲಿ ಉಳಿದಿದ್ದ ಅವರ ಚೀಲ ಕಂಡಾಗ. ಅವರು ಮತ್ತೆ ಸಿಗಲಿಲ್ಲ. ತಲೆ ಎಣಿಸುವುದು ದೋಣಿಯವರ ಕೆಲಸವೇ ಹೌದು, ಆದರೆ ಎಣಿಕೆ ತಪ್ಪಿದ ದಿನ ನೀರಿನಲ್ಲಿರುವವನ ಕೈಯಲ್ಲಿ ಏನಿರುತ್ತದೆ ಎಂಬುದು ಅವನು ಬೆಳಿಗ್ಗೆ ಜೇಬಿಗೆ ಏನು ಹಾಕಿಕೊಂಡಿದ್ದ ಎಂಬುದನ್ನೇ ಅವಲಂಬಿಸಿರುತ್ತದೆ.

ನನ್ನ ಅನಿವಾರ್ಯದ ಮೊದಲ ದಿನ ಎರಡನೆಯ ವರ್ಷದಲ್ಲೇ ಬಂತು. ನಾವಿಬ್ಬರು ಮೇಲೆ ಬಂದಾಗ ದೋಣಿ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಇನ್ನೊಂದು ಗುಂಪನ್ನು ಹತ್ತಿಸಿಕೊಳ್ಳುತ್ತಿತ್ತು, ಗಾಳಿ ಅದರ ಕಡೆಯಿಂದ ನಮ್ಮತ್ತ ಬೀಸುತ್ತಿತ್ತು. ಬಿಸಿಡಿಯ, ಅಂದರೆ ಗಾಳಿ ತುಂಬಿ ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಡೈವರ್‌ನ ಅಂಗಿಯ, ಜೊತೆಗೆ ಬಂದಿದ್ದ ಸೀಟಿಯನ್ನು ಊದಿದೆ. ಎಂಜಿನ್ ಸದ್ದಿನ ನಡುವೆ, ಎದುರುಗಾಳಿಯಲ್ಲಿ, ಅದು ಯಾರಿಗೂ ಕೇಳಿಸಲಿಲ್ಲ. ಒಂದು ಮೀಟರ್ ಉದ್ದದ ಎಸ್‌ಎಂಬಿಗೆ, ಅಂದರೆ ಗಾಳಿ ತುಂಬಿದರೆ ನೀರಿನ ಮೇಲೆ ಕಂಬದಂತೆ ನಿಲ್ಲಬೇಕಾದ ಕೊಳವೆಗೆ, ಗಾಳಿ ಊದಿದೆ. ಅದರ ತಳ ತೆರೆದಿದ್ದರಿಂದ ಪ್ರತಿ ಅಲೆಗೂ ಸ್ವಲ್ಪ ಸ್ವಲ್ಪ ಗಾಳಿ ಸೋರಿ ಅದು ಒದ್ದೆ ಬಟ್ಟೆಯಂತೆ ನೀರಿನ ಮೇಲೆ ಮಲಗಿತು. ಟಾರ್ಚಿನೊಳಗೆ ನೀರು ಹೋಗಿತ್ತು. ಮೋಡ ಕವಿದಿತ್ತು, ಹಾಗಾಗಿ ಕನ್ನಡಿಯೂ ಸುಮ್ಮನಿತ್ತು. ನಲವತ್ತು ನಿಮಿಷಗಳ ನಂತರ ದೋಣಿಯ ಚಾವಣಿ ಏರಿ ನಿಂತ ಹುಡುಗನೊಬ್ಬ ನಮ್ಮನ್ನು ಕಂಡ. ಸಾಮಗ್ರಿ ಎಲ್ಲವೂ ಇತ್ತು, ಆದರೆ ಕೆಲಸ ಮಾಡಿದ್ದು ಒಂದೂ ಇಲ್ಲ. ಅವುಗಳಲ್ಲಿ ಯಾವುದನ್ನೂ ನಾನು ಅದಕ್ಕೂ ಮೊದಲು ನೀರಿನಲ್ಲಿ ಬಳಸಿ ನೋಡಿರಲಿಲ್ಲ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಆ ಕೊಳವೆಯ ಜಾಗಕ್ಕೆ ಬಂದ ಎರಡನೆಯ ಎಸ್‌ಎಂಬಿಗೆ ಈಗ ಏಳು ವರ್ಷ. ಉದ್ದ 1.8 ಮೀಟರ್, ಗಾಳಿ ತುಂಬಿದಾಗ ದಪ್ಪ ಸುಮಾರು 15 ಸೆಂಟಿಮೀಟರ್. ಪಾಲಿಯುರೆಥೇನ್ ಲೇಪಿಸಿದ ನೈಲಾನ್ ಬಟ್ಟೆಯದು. ಒಳಹೋದ ಗಾಳಿ ಹೊರಬಾರದಂತೆ ತಳದಲ್ಲಿ ಏಕಮುಖ ಕವಾಟವಿದೆ, ಮಿತಿಮೀರಿ ತುಂಬಿದರೆ ಒಡೆಯದಂತೆ ಒತ್ತಡ ಬಿಡುವ ಇನ್ನೊಂದು ಕವಾಟವೂ ಇದೆ. ಮೊದಲಿನದು ಪಿವಿಸಿಯದಾಗಿತ್ತು, ಮಡಿಕೆಗಳಲ್ಲಿ ಅಂಟಿಕೊಂಡು, ಕೊನೆಗೆ ಅದೇ ಮಡಿಕೆಯ ಗೆರೆಯಲ್ಲಿ ಬಿರಿಯಿತು. ನೈಲಾನಿನದು ಬಣ್ಣ ಮಾತ್ರ ತುಸು ಮಾಸಿದೆ, ಹೊಲಿಗೆ ಗಟ್ಟಿಯಾಗಿದೆ. ಉದ್ದವೇ ಮುಖ್ಯ ಎಂದು ನಾನು ಹೇಳುವುದಕ್ಕೆ ಕಾರಣವಿದೆ: ಕೊಳವೆಯ ಒಂದು ಭಾಗ ಸದಾ ನೀರಿನಡಿಯಲ್ಲೇ ಇರುತ್ತದೆ, ಕೆಳಗಿನಿಂದ ದಾರವನ್ನು ಜಗ್ಗಿ ಹಿಡಿಯದಿದ್ದರೆ ಅದು ನೆಟ್ಟಗೆ ನಿಲ್ಲುವುದೇ ಇಲ್ಲ, ಜಗ್ಗಿದಷ್ಟೂ ಇನ್ನಷ್ಟು ಒಳಗಿಳಿಯುತ್ತದೆ, ಒಂದು ಮೀಟರಿನ ಕೊಳವೆಯಲ್ಲಿ ಈ ಕಳೆತದ ನಂತರ ಅಲೆಯ ಮೇಲೆ ಉಳಿಯುವುದು ಅಲ್ಪ.

ಕೊಳವೆಯನ್ನು ದಾರಕ್ಕೆ ಕಟ್ಟಿ, ನೀರಿನಡಿಯಲ್ಲೇ ಗಾಳಿ ತುಂಬಿ ಮೇಲಕ್ಕೆ ಬಿಡಲೂಬಹುದು. ಈ ಕೊಳವೆ ಸುಮಾರು 30 ಲೀಟರ್ ಹಿಡಿಯುತ್ತದೆ. ಹತ್ತು ಮೀಟರ್ ಆಳದಲ್ಲಿ ಒಟ್ಟು ಒತ್ತಡ 2 ಬಾರ್ ಇರುವುದರಿಂದ ಅಲ್ಲಿ 15 ಲೀಟರ್ ತುಂಬಿದರೆ ಮೇಲೆ ತಲುಪುವಷ್ಟರಲ್ಲಿ ಅದು ಹಿಗ್ಗಿ ಪೂರ್ತಿಯಾಗುತ್ತದೆ. ಇಪ್ಪತ್ತು ಮೀಟರಿನಲ್ಲಿ 10 ಲೀಟರೇ ಸಾಕು. ಹಾಗೆಂದು ಆಳದಿಂದಲೇ ಬಿಡುವುದು ಸುಲಭವೆಂದಲ್ಲ, ಏಕೆಂದರೆ ಅಷ್ಟು ದಾರ ಬಿಚ್ಚಿಕೊಳ್ಳಬೇಕು, ಬಿಚ್ಚಿಕೊಳ್ಳುವ ಪ್ರತಿ ಮೀಟರಿಗೂ ಸಿಕ್ಕುಬೀಳುವ ಅವಕಾಶವಿರುತ್ತದೆ. ನಾನು ಸಾಮಾನ್ಯವಾಗಿ ಹತ್ತು ಹನ್ನೆರಡು ಮೀಟರಿನಿಂದ ಬಿಡುತ್ತೇನೆ. ಮೇಲೆ ಬರುವ ಮುನ್ನ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ಕಾಯುವ ಹೊತ್ತಿಗೆ ದೋಣಿಯವರಿಗೆ ನಾವೆಲ್ಲಿದ್ದೇವೆಂದು ಗೊತ್ತಾಗಿರುತ್ತದೆ, ನಮ್ಮ ತಲೆಯ ಮೇಲೆ ಬೇರೆ ದೋಣಿ ಹಾಯುವ ಅಪಾಯವೂ ಕಡಿಮೆಯಾಗುತ್ತದೆ. ಬಿಡುವ ಮೊದಲು ಮೇಲೆ ನೋಡಬೇಕು, ಎಂಜಿನ್ ಸದ್ದಿಗೆ ಕಿವಿಗೊಡಬೇಕು.

ದಾರಕ್ಕೆ ಮೊದಲು ಹಿಡಿಕೆಯಿರುವ ರೀಲ್ ಇಟ್ಟುಕೊಂಡಿದ್ದೆ. ಅದರ ಸ್ಪ್ರಿಂಗ್ ಮೂರನೆಯ ವರ್ಷ ತುಕ್ಕು ಹಿಡಿದು, ಕೊಳವೆ ಮೇಲಕ್ಕೆ ಹೊರಟ ಕ್ಷಣದಲ್ಲೇ ಚಕ್ರ ನಿಂತುಬಿಟ್ಟಿತು. ತಪ್ಪು ರೀಲಿನದು ಮಾತ್ರವಲ್ಲ. ಅದನ್ನು ನಾನು ಬಿಸಿಡಿಯ ಉಂಗುರಕ್ಕೆ ಸಿಕ್ಕಿಸಿಕೊಂಡೇ ಕೊಳವೆ ಬಿಟ್ಟಿದ್ದೆ. ಒಂಬತ್ತು ಮೀಟರಿನಿಂದ ನಾಲ್ಕು ಮೀಟರಿಗೆ ನನ್ನನ್ನು ಅದು ಎತ್ತಿಕೊಂಡೇ ಹೋಯಿತು. ನಾನು ಉಸಿರು ಬಿಡುತ್ತಿದ್ದೆ, ಹಾಗಾಗಿ ಏನೂ ಆಗಲಿಲ್ಲ. ಉಸಿರು ಬಿಗಿಹಿಡಿದಿದ್ದರೆ ಹಿಗ್ಗುವ ಗಾಳಿಯಿಂದ ಶ್ವಾಸಕೋಶಕ್ಕೆ ಪೆಟ್ಟಾಗಬಹುದಿತ್ತು. ಅಂದಿನಿಂದ ಕೊಳವೆ ಬಿಡುವಾಗ ದಾರದ ಯಾವ ತುದಿಯೂ ನನ್ನ ಮೈಗೆ ಸಿಕ್ಕಿಕೊಂಡಿರುವುದಿಲ್ಲ, ಸಿಕ್ಕುಬಿದ್ದರೆ ಎಲ್ಲವನ್ನೂ ಕೈಬಿಡುತ್ತೇನೆ. ಈಗಿರುವುದು ಯಾವ ಚಲಿಸುವ ಭಾಗವೂ ಇಲ್ಲದ, 30 ಮೀಟರ್ ದಾರ ಸುತ್ತಿದ ಪ್ಲಾಸ್ಟಿಕ್ ಸ್ಪೂಲ್. ಸುತ್ತಿಕೊಳ್ಳುವುದು ನಿಧಾನ, ಬೇಸರದ ಕೆಲಸವೂ ಹೌದು, ಆದರೆ ಅದರಲ್ಲಿ ಕೆಡಲು ಏನೂ ಇಲ್ಲ.

ಬಣ್ಣದ ವಿಷಯದಲ್ಲಿ ನನ್ನ ಆಯ್ಕೆ ಪೂರ್ತಿ ಸರಿಯಾಗಿರಲಿಲ್ಲ. ಹಗಲಿನಲ್ಲಿ ಕಿತ್ತಳೆಗೆಂಪು ನೀಲಿ ನೀರಿನ ಮೇಲೆ ಚೆನ್ನಾಗಿ ಎದ್ದು ಕಾಣುತ್ತದೆ. ಮುಸ್ಸಂಜೆಯಲ್ಲಿ ಬೆಳಕು ಕುಗ್ಗಿದಂತೆ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪೇ. ಹಳದಿಹಸಿರು ಬಣ್ಣ ಇನ್ನಷ್ಟು ಹೊತ್ತು ಕಾಣಸಿಗುತ್ತದೆ. ಕೊಳವೆಯ ತುದಿಗೆ ಬೆಳಕನ್ನು ಮರಳಿಸುವ ಪಟ್ಟಿ ಅಂಟಿಸಿರುವುದು, ಒಳಗಿನಿಂದ ಸಣ್ಣ ಟಾರ್ಚ್ ಹಿಡಿದರೆ ಇಡೀ ಕೊಳವೆ ಲಾಟೀನಿನಂತೆ ಬೆಳಗುವುದು, ಈ ಎರಡೂ ಆ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಕೆಲವರು ಹಳದಿ ಕೊಳವೆಯನ್ನು ನೀರಿನಡಿಯ ತುರ್ತಿನ ಸೂಚನೆಗೆಂದೇ ಮೀಸಲಿಡುತ್ತಾರೆ. ಆದ್ದರಿಂದ ಯಾವ ಬಣ್ಣಕ್ಕೆ ಯಾವ ಅರ್ಥ ಎಂಬುದನ್ನು ಇಳಿಯುವ ಮೊದಲೇ ದೋಣಿಯವರ ಬಳಿ ಕೇಳಿಕೊಳ್ಳಬೇಕು.

ಸೀಟಿಯನ್ನು ಎಸೆದಿಲ್ಲ. ಒಳಗೆ ಗುಂಡು ಇಲ್ಲದ, ಚಪ್ಪಟೆಯಾದದ್ದನ್ನು ಈಗ ಹೆಗಲ ಪಟ್ಟಿಗೆ ಕಟ್ಟಿಕೊಂಡಿದ್ದೇನೆ. ಹತ್ತಿರದಲ್ಲಿ ತೇಲುತ್ತಿರುವ ಜೊತೆಗಾರನನ್ನು ಕರೆಯಲು, ಎಂಜಿನ್ ನಿಲ್ಲಿಸಿದ ದೋಣಿಗೆ ಕೇಳಿಸಲು ಅದು ಸಾಕು. ದೂರಕ್ಕೆ ಕೇಳಿಸಬೇಕಾದರೆ ಬಿಸಿಡಿಗೆ ಗಾಳಿ ತುಂಬುವ ಕೊಳಾಯಿಗೂ ಅದರ ಗುಂಡಿಗೂ ನಡುವೆ ಜೋಡಿಸುವ, ಸಿಲಿಂಡರಿನ ಗಾಳಿಯಿಂದ ಕೂಗುವ ಹಾರ್ನ್ ಬೇಕು. ಎಂಟು ವರ್ಷಗಳಿಂದ ನನ್ನಲ್ಲಿದೆ. ಅದರ ಸದ್ದು ಎಂಜಿನ್ನನ್ನೂ ಮೀರುತ್ತದೆ. ಮೂರು ದೋಷಗಳನ್ನು ಹೇಳಬೇಕು: ಸಿಲಿಂಡರ್ ಖಾಲಿಯಾದರೆ ಅದು ಮೂಕ, ಆದ್ದರಿಂದ 50 ಬಾರ್ ಉಳಿಸಿಕೊಂಡು ಮೇಲೆ ಬರುವ ಹಳೆಯ ನಿಯಮಕ್ಕೆ ಇನ್ನೊಂದು ಕಾರಣ ಸೇರಿದಂತಾಯಿತು, ಬೇರೆ ಬೇರೆ ಬಿಸಿಡಿಗಳ ಜೋಡಣೆ ಒಂದೇ ಬಗೆಯದಲ್ಲದ ಕಾರಣ ಬಾಡಿಗೆಯ ಬಿಸಿಡಿಗೆ ಅದು ಕೂರದೇ ಹೋಗಬಹುದು, ಮತ್ತು ಉಪ್ಪು ಕಟ್ಟಿದರೆ ಒತ್ತಿದ ಗುಂಡಿ ಒತ್ತಿದಂತೆಯೇ ನಿಲ್ಲುತ್ತದೆ. ನನ್ನದು ಒಮ್ಮೆ ದೋಣಿಯ ಮೇಲೆಯೇ ಹಾಗೆ ಸಿಕ್ಕಿಕೊಂಡು, ನಿದ್ದೆಯಲ್ಲಿದ್ದ ನಾಲ್ವರನ್ನು ಎಬ್ಬಿಸಿತು. ಈಗ ವರ್ಷಕ್ಕೊಮ್ಮೆ ಉಸಿರಾಟದ ರೆಗ್ಯುಲೇಟರಿನ ಜೊತೆಗೆ ಅದನ್ನೂ ಸರ್ವೀಸಿಗೆ ಕೊಡುತ್ತೇನೆ. ಜೊತೆಗಾರನ ಕಿವಿಯ ಪಕ್ಕದಲ್ಲಿ ಇದನ್ನು ಒತ್ತಬಾರದು.

ಅಂಗೈಯಷ್ಟು ಅಗಲದ ಕನ್ನಡಿಗೆ ಬ್ಯಾಟರಿ ಬೇಡ, ಸರ್ವೀಸ್ ಬೇಡ, ಬಿಸಿಲೊಂದಿದ್ದರೆ ಅದರ ಮಿಂಚು ಹಲವು ಕಿಲೋಮೀಟರ್ ದೂರಕ್ಕೆ ಕಾಣುತ್ತದೆ. ಗುರಿ ಹಿಡಿಯುವುದಕ್ಕೆ ಮಾತ್ರ ಅಭ್ಯಾಸ ಬೇಕು: ಒಂದು ಕೈ ಮುಂದೆ ಚಾಚಿ, ಎರಡು ಬೆರಳುಗಳ ನಡುವೆ ದೋಣಿಯನ್ನು ಹಿಡಿದು, ಕನ್ನಡಿಯ ಬೆಳಕು ಆ ಬೆರಳುಗಳ ಮೇಲೆ ಬಿದ್ದು ಅತ್ತಿತ್ತ ಆಡುವಂತೆ ಮಾಡಬೇಕು. ನೆಲದ ಮೇಲೆ ಗೋಡೆಗೆ ಬೆಳಕು ಬಿಟ್ಟು ಕಲಿತದ್ದು ಅಲೆಯ ಮೇಲೆ ಅರ್ಧದಷ್ಟೂ ಬರಲಿಲ್ಲ, ಆದ್ದರಿಂದ ದೋಣಿಗಾಗಿ ಕಾಯುವ ಹೊತ್ತಿನಲ್ಲೆಲ್ಲ ಇದನ್ನೇ ಮಾಡುತ್ತಿರುತ್ತೇನೆ.

ಟಾರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗಲಿನ ಡೈವಿಗೂ ಒಂದು ಸಣ್ಣ ಟಾರ್ಚ್ ಬೇಕು, ಏಕೆಂದರೆ ಹುಡುಕಾಟ ಕತ್ತಲಾಗುವವರೆಗೂ ಎಳೆಯಬಹುದು. ನನ್ನ ಮೊದಲ ಟಾರ್ಚಿಗೆ ನೀರು ನುಗ್ಗಿದ್ದು ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿನ ಮೇಲೆ ಕುಳಿತಿದ್ದ ಒಂದೇ ಒಂದು ಕೂದಲಿನಿಂದ.

ವಿದ್ಯುನ್ಮಾನ ಸಾಧನಗಳಲ್ಲಿ ಎರಡು ಬಗೆಯವನ್ನು ಬಳಸಿದ್ದೇನೆ, ಅವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಎಐಎಸ್ ಬೀಕನ್, ಅಂದರೆ ಹಡಗುಗಳು ಪರಸ್ಪರ ಗುರುತಿಸಲು ಬಳಸುವ ರೇಡಿಯೋ ವ್ಯವಸ್ಥೆಯ ಪುಟ್ಟ ಪ್ರಸಾರಕ, ಜಿಪಿಎಸ್‌ನಿಂದ ಪಡೆದ ನಮ್ಮ ಸ್ಥಾನವನ್ನು ಸುತ್ತಮುತ್ತಲ ಹಡಗುಗಳ ಪರದೆಯ ಮೇಲೆ ತೋರಿಸುತ್ತದೆ. ನಮ್ಮದೇ ದೋಣಿಯಲ್ಲಿ ಅದನ್ನು ಹಿಡಿಯುವ ಉಪಕರಣವಿದ್ದರೆ ಇದಕ್ಕಿಂತ ಬೇಗ ನೆರವು ತರುವುದು ಬೇರೊಂದಿಲ್ಲ. ಆದರೆ ಅದು ನೇರ ದೃಷ್ಟಿಯ ರೇಡಿಯೋ, ನಮ್ಮ ಆಂಟೆನಾ ಇರುವುದು ನೀರಿನ ಮಟ್ಟದಲ್ಲಿ; ಆದ್ದರಿಂದ ತಗ್ಗಾದ ಸಣ್ಣ ದೋಣಿಗೆ ಅದು ಮುಟ್ಟುವ ದೂರ ಪೆಟ್ಟಿಗೆಯ ಮೇಲೆ ಮುದ್ರಿಸಿರುವುದಕ್ಕಿಂತ ಬಹಳ ಕಡಿಮೆ. ಇನ್ನೊಂದು ಪಿಎಲ್‌ಬಿ, ಅಂದರೆ ವೈಯಕ್ತಿಕ ತುರ್ತು ಬೀಕನ್: ಇದು 406 ಮೆಗಾಹರ್ಟ್ಸ್‌ನಲ್ಲಿ ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳಿಗೆ ಕರೆ ಕಳಿಸುತ್ತದೆ, ಅಲ್ಲಿಂದ ಸುದ್ದಿ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ, ಕನಿಷ್ಠ 24 ಗಂಟೆ ಪ್ರಸಾರ ಮಾಡುವಷ್ಟು ಬ್ಯಾಟರಿ ಇರುತ್ತದೆ. 121.5 ಮೆಗಾಹರ್ಟ್ಸ್‌ನ ಕರೆಗಳನ್ನು ಉಪಗ್ರಹಗಳು ಆಲಿಸುವುದು 2009ರ ಫೆಬ್ರವರಿ 1ಕ್ಕೆ ನಿಂತಿತು; ಆ ತರಂಗ ಈಗ ಹತ್ತಿರ ಬಂದ ರಕ್ಷಕರಿಗೆ ದಿಕ್ಕು ತೋರಿಸುವುದಕ್ಕಷ್ಟೇ, ಹೀಗಾಗಿ ಯಾರಾದರೂ ಆ ಒಂದೇ ತರಂಗದ ಹಳೆಯ ಬೀಕನ್ ಕೊಡಲು ಬಂದರೆ ಬೇಡವೆನ್ನಬೇಕು. ಪಿಎಲ್‌ಬಿಯನ್ನು ಮಾಲೀಕನ ಹೆಸರಿನಲ್ಲಿ ನೋಂದಾಯಿಸಬೇಕು. ಹೆಚ್ಚಿನವು ಡೈವಿನ ಆಳದ ಒತ್ತಡ ತಾಳುವಂಥವಲ್ಲ. ಅವುಗಳಿಗೆ ಪ್ರತ್ಯೇಕ ಗಟ್ಟಿ ಡಬ್ಬ ಬೇಕು, ಆ ಡಬ್ಬ ಜೇಬಿನಲ್ಲಿ ಹಿಡಿಸುವುದಿಲ್ಲ. ದಡದಿಂದ ಬಹು ದೂರದ ಪ್ರಯಾಣಗಳಿಗೆ ಮಾತ್ರ ನಾನು ಪಿಎಲ್‌ಬಿ ಒಯ್ಯುತ್ತೇನೆ, ಎಐಎಸ್ ಬೀಕನ್ ಪ್ರತಿ ಬಾರಿಯೂ ಜೊತೆಗಿರುತ್ತದೆ. ಎರಡನ್ನೂ ಸ್ವಪರೀಕ್ಷೆಯ ಗುಂಡಿಯಾಚೆಗೆ ಬಳಸುವ ಪ್ರಸಂಗ ಇನ್ನೂ ಬಂದಿಲ್ಲ, ಆದ್ದರಿಂದ ಇವುಗಳಿಗೆ ಅಂಕ ಕೊಡುವುದು ನ್ಯಾಯವಲ್ಲ.

ಕತ್ತರಿಸುವ ಸಾಧನವಾಗಿ ಮೊದಲು ಕಾಲಿಗೆ ಕಟ್ಟಿಕೊಂಡಿದ್ದ ದೊಡ್ಡ ಚಾಕು ತುಕ್ಕು ಹಿಡಿದು ಒರೆಯಿಂದ ಹೊರಬರದಾಯಿತು. ಈಗ ಎದೆಯ ಪಟ್ಟಿಯ ಮೇಲೆ ಬ್ಲೇಡು ಅಡಗಿರುವ ಸಣ್ಣ ದಾರ ಕತ್ತರಿಯಿದೆ, ಎರಡೂ ಕೈಗಳಿಗೆ ಎಟಕುತ್ತದೆ. ಮೀನು ಹಿಡಿಯುವ ನೈಲಾನ್ ದಾರ ನೀರಿನಲ್ಲಿ ಕಾಣುವುದೇ ಇಲ್ಲ. ಸಿಕ್ಕಿಕೊಂಡ ಮೇಲೆಯೇ ಗೊತ್ತಾಗುವುದು.

ಇವೆಲ್ಲವನ್ನು ಎಲ್ಲಿ ಇಟ್ಟುಕೊಳ್ಳುತ್ತೇವೆ ಎಂಬುದು ಯಾವುದನ್ನು ಕೊಳ್ಳುತ್ತೇವೆ ಎಂಬುದರಷ್ಟೇ ತೂಕದ ವಿಷಯ. ಬಿಸಿಡಿಯ ಜೇಬುಗಳು ಅಂಗಡಿಯಲ್ಲಿ ವಿಶಾಲವಾಗಿ ಕಾಣುತ್ತವೆ. ಮೇಲೆ ಬಂದು ಬಿಸಿಡಿ ಉಬ್ಬಿಸಿದಾಗ ಅದೇ ಜೇಬಿನೊಳಗೆ ಕೈ ತೂರುವುದಿಲ್ಲ. ತೊಡೆಯ ಜೇಬಿಗೆ ಬದಲಾಯಿಸಿಕೊಂಡ ಮೇಲೆ, ಒಳಗಿನ ಎಲಾಸ್ಟಿಕ್ ಕುಣಿಕೆಗಳಿಗೆ ಪ್ರತಿ ವಸ್ತುವನ್ನೂ ಬೇರೆಬೇರೆಯಾಗಿ ಕೊಂಡಿ ಹಾಕಿ ಸಿಕ್ಕಿಸಿದ್ದೇನೆ, ಒಂದನ್ನು ಎಳೆದರೆ ಇನ್ನೊಂದು ಹೊರಗೆ ಚೆಲ್ಲುವುದಿಲ್ಲ. ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ, ಯಾವುದು ಯಾವುದೆಂದು ಬೆರಳಿನಿಂದಲೇ ಗುರುತಿಸಲು ಬರಬೇಕು. ಕೊಂಡಿಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಸಾಧಾರಣ ಸ್ಟೀಲಿನವು ಒಂದೇ ವರ್ಷದಲ್ಲಿ ಬಿಗಿದುಕೊಂಡವು. ಪ್ರತಿ ಪ್ರಯಾಣದ ಕೊನೆಗೆ ಕೊಳವೆಯನ್ನು ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಒಳಗೂ ಒಣಗುವಂತೆ ಗಾಳಿ ತುಂಬಿ ನೆರಳಿನಲ್ಲಿ ಇಡುತ್ತೇನೆ. ಒದ್ದೆಯಾಗಿಯೇ ಮಡಚಿಟ್ಟ ವರ್ಷ ಒಳಗೆ ಬೂಷ್ಟು ಹಿಡಿದಿತ್ತು.

ಎರಡನೆಯ ಅನಿವಾರ್ಯ ಆರನೆಯ ವರ್ಷ ಬಂತು. ಮುಳುಗಿದ್ದಾಗಲೇ ಮೇಲೆ ಮಳೆ ಹಿಡಿದು, ನಾವು ಮೇಲೆ ಬಂದಾಗ ಸುತ್ತ ಬೂದು ಬಣ್ಣದ ಪರದೆ. ದೋಣಿ ಕಾಣುತ್ತಿರಲಿಲ್ಲ, ಅದರ ಎಂಜಿನ್ ಮಾತ್ರ ಕೇಳುತ್ತಿತ್ತು. ಕೊಳವೆ ಅದಾಗಲೇ ಮೇಲಿತ್ತು. ಹಾರ್ನನ್ನು ಮೂರು ಮೂರು ಬಾರಿಯಂತೆ ಒತ್ತಿ, ನಡುವೆ ನಿಂತು ಆಲಿಸಿದೆವು. ಎಂಜಿನ್ ಸದ್ದು ತಿರುಗಿತು. ಹನ್ನೊಂದು ನಿಮಿಷ ಹಿಡಿಯಿತು ಎಂದು ಜೊತೆಗಾರನ ಡೈವ್ ಕಂಪ್ಯೂಟರ್ ಹೇಳಿತು. ದೋಣಿ ಹತ್ತಿರವಾದಾಗ ಅವನು ಸಂತೋಷದಿಂದ ಕೈ ಬೀಸಿದ, ನಾನು ಅವನ ಕೈ ಹಿಡಿದು ಕೆಳಗಿಳಿಸಿದೆ: ಬೀಸುವ ಕೈ ಎಂದರೆ ತೊಂದರೆಯಲ್ಲಿದ್ದೇವೆ ಎಂಬ ಸಂಕೇತ, ಕ್ಷೇಮವೆನ್ನಲು ತಲೆಯ ಮೇಲೆ ಕೈಯಿಟ್ಟು ವೃತ್ತ ಮಾಡಬೇಕು. ಆದರೂ ದೋಣಿಯವರು ಆಮ್ಲಜನಕದ ಪೆಟ್ಟಿಗೆ ತೆರೆದೇ ಬಂದಿದ್ದರು.

ಈ ವರ್ಷ ಎಐಎಸ್ ಬೀಕನ್ನಿನ ಬ್ಯಾಟರಿಯ ಅವಧಿ ಮುಗಿಯುತ್ತದೆ, ಬದಲಾಯಿಸುತ್ತೇನೆ. ಕೊಳವೆ ಇನ್ನೂ ಎರಡು ವರ್ಷ ಬರಬಹುದು. ಮುಂದಿನದನ್ನು ಕೊಳ್ಳುವಾಗ ಅದೇ ಉದ್ದ, ಅದೇ ಕವಾಟ, ತುದಿಯ ಅರ್ಧ ಮೀಟರ್ ಮಾತ್ರ ಹಳದಿಹಸಿರು ಇರುವುದು ಸಿಕ್ಕರೆ ಅದನ್ನೇ ಆರಿಸುತ್ತೇನೆ.