ಹೋಟೆಲಿಗೆ ಜನ ಕೊಡಿಸುವ ಏಜೆನ್ಸಿ: ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು ಸ್ಟಾರ್

ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಮೆಜೆಸ್ಟಿಕ್ ಸುತ್ತಮುತ್ತಲ ಗಲ್ಲಿಗಳಲ್ಲಿ, ಲಿಫ್ಟಿಲ್ಲದ ಮೂರನೇ ಮಹಡಿಗಳಲ್ಲಿ ಇಂಥ ಆಫೀಸುಗಳು ಬೇಕಾದಷ್ಟಿವೆ. ನಾನು ಹೋದದ್ದು ಅವುಗಳಲ್ಲಿ ಒಂದಕ್ಕೆ. ‘ಹೋಟೆಲ್ ಕೆಲಸಕ್ಕೆ ಜನ ಸಿಗುತ್ತಾರೆ’ ಅಂತ ಲೈಟು ಕಂಬಕ್ಕೆ ಅಂಟಿಸಿದ್ದ ಚೀಟಿ ನೋಡಿ ಫೋನ್ ಮಾಡಿದ್ದೆ. ನನ್ನ ಹಾಗೇ ಕಂಬ ನೋಡುತ್ತಾ ನಿಂತಿರುವ ಸಣ್ಣ ಹೋಟೆಲಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಜಯನಗರದಲ್ಲಿ ನಮ್ಮದೊಂದು ದರ್ಶಿನಿ ಇದೆ. ನಮ್ಮನೆಯವರು ಬೈಂದೂರಿನ ಕಡೆಯವರು, ಒಲೆ ಮತ್ತು ಹಿಟ್ಟು ಅವರದ್ದು. ಹಾಸನದವಳಾದ ನನ್ನದು ಗಲ್ಲಾ, ಲೆಕ್ಕ, ಜನ. ಒಟ್ಟು 14 ಮಂದಿ ಕೆಲಸಕ್ಕಿದ್ದಾರೆ. ಗಿರಾಕಿಗಳಿಗೆ ಕಾಣುವುದು ಕಾವಲಿ ಮುಂದೆ ನಿಂತ ದೋಸೆ ಭಟ್ಟರು, ಹೊಗಳಿಕೆಯೂ ಅವರಿಗೇ. ಬೆಳಗ್ಗೆ ನಾಲ್ಕಕ್ಕೆ ಎದ್ದು 25 ಕೆಜಿ ಈರುಳ್ಳಿ ಹೆಚ್ಚಿ, 60 ಕಾಯಿ ತುರಿದು, ಕೊತ್ತಂಬರಿಯ ಮಣ್ಣು ಹೋಗುವ ತನಕ ಮೂರು ನೀರಲ್ಲಿ ತೊಳೆದಿಡುವವರನ್ನು ಯಾರೂ ನೋಡಿರುವುದಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿಯಿಂದ ಶುರುವಾದ ಈ ನಿಂತು ತಿನ್ನುವ ಪದ್ಧತಿ ನಡೆಯುವುದೇ ವೇಗದ ಮೇಲೆ. ಟೋಕನ್ ಕೊಟ್ಟ ಎರಡು ನಿಮಿಷಕ್ಕೆ ತಟ್ಟೆ ಬರಬೇಕು ಅಂದರೆ ಹಿಂದಿನ ಕೋಣೆಯಲ್ಲಿ ಎಲ್ಲವೂ ಹೆಚ್ಚಿ, ರುಬ್ಬಿ, ಅಳೆದು ಸಿದ್ಧವಾಗಿರಬೇಕು.

ಕಳೆದ ದೀಪಾವಳಿಗೆ ಊರಿಗೆ ಹೋದ ಆ ಹಿಂದಿನ ಕೋಣೆಯ ಮೂವರೂ ವಾಪಸ್ ಬರಲಿಲ್ಲ. ಒಬ್ಬನ ಫೋನ್ ಸ್ವಿಚ್ ಆಫ್, ಒಬ್ಬ ‘ನಾಳೆ’ ಅಂದ, ಮೂರನೆಯವನು ಪಾಪ ನಿಜ ಹೇಳಿದ: ‘ಅಕ್ಕಾ, ಇಲ್ಲೇ ಗದ್ದೆ ಕೆಲಸ ಇದೆ.’ ಒಂಬತ್ತು ದಿನ ಈರುಳ್ಳಿ ನಾನೇ ಹೆಚ್ಚಿದೆ. ಗಲ್ಲಾದಲ್ಲಿ ಕೂತಾಗಲೂ ಕಣ್ಣು ಕೆಂಪಗಿದ್ದದ್ದು ನೋಡಿ ಖಾಯಂ ಗಿರಾಕಿಯೊಬ್ಬರು ಮೆಲ್ಲಗೆ ‘ಮನೇಲಿ ಎಲ್ಲಾ ಕ್ಷೇಮಾನಾ?’ ಅಂತ ಕೇಳಿದರು. ಹತ್ತನೇ ದಿನ ಮೆಜೆಸ್ಟಿಕ್ಕಿಗೆ ಹೋದೆ.

ಅಲ್ಲಿ ಒಂದು ಮೇಜು, ಎರಡು ಫೋನು, ಗೋಡೆಗೆ ಲಕ್ಷ್ಮಿ ಫೋಟೋ. ನೋಂದಣಿಗೆ 1,000 ರೂಪಾಯಿ. ಆಮೇಲೆ ತಲೆಗೆ ಅರ್ಧ ತಿಂಗಳ ಸಂಬಳ. ನಾವು ಕೊಡುವುದು ಊಟ, ವಸತಿ ಬಿಟ್ಟು 16,000. ಹಾಗಾಗಿ ತಲೆಗೆ 8,000, ಮೂವರಿಗೆ 24,000. 30 ದಿನದೊಳಗೆ ಬಿಟ್ಟು ಹೋದರೆ ಬದಲಿ ಜನ ಕೊಡುತ್ತೇವೆ ಅಂತ ಗ್ಯಾರಂಟಿ, ರಸೀದಿಯ ಹಿಂಭಾಗದಲ್ಲಿ ಮುದ್ರೆ ಒತ್ತಿ ಕೊಟ್ಟರು. ‘ಮೇಡಂ, ನಾಳೆ ಬೆಳಗ್ಗೆ ಐದಕ್ಕೆ ನಿಮ್ ಬಾಗ್ಲಲ್ಲಿ ಇರ್ತಾರೆ, ಎಲ್ಲಾ ಕೆಲ್ಸ ಬರುತ್ತೆ.’ ಐದಕ್ಕೆ ಬರಲಿಲ್ಲ, ಏಳೂವರೆಗೆ ಬಂದರು. ಆದರೆ ಬಂದರು. ಒಂದು ಸ್ಟಾರ್ ಇದಕ್ಕೆ. ಆ ವಾರ ಅದು ನನಗೆ ಸಣ್ಣ ವಿಷಯವಾಗಿರಲಿಲ್ಲ.

‘ಎಲ್ಲಾ ಕೆಲ್ಸ ಬರುತ್ತೆ’ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಇಷ್ಟು ವರ್ಷ ಜನ ತೆಗೆದುಕೊಂಡ ಮೇಲೆ ನಾನು ‘ಏನು ಬರುತ್ತೆ?’ ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಎಲ್ಲರಿಗೂ ಎಲ್ಲಾ ಬರುತ್ತೆ. ಅದರ ಬದಲು ಅರ್ಧ ದಿನ ಕೆಲಸ ಕೊಟ್ಟು ನೋಡುತ್ತೇವೆ. ತೆಗೆದುಕೊಂಡರೂ ಬಿಟ್ಟರೂ ಆ ಅರ್ಧ ದಿನಕ್ಕೆ 500 ರೂಪಾಯಿ, ತಿಂಡಿ, ಕಾಫಿ. ಏಜೆನ್ಸಿಯವನು ಫೋನಿನಲ್ಲೇ ನಕ್ಕ: ‘ಟ್ರಯಲ್ಲಿಗೆ ಯಾರೂ ಕಾಸು ಕೊಡಲ್ಲ ಮೇಡಂ.’ ಕೊಡದಿದ್ದರೆ ಜನ ಟ್ರಯಲ್ಲನ್ನು ಟ್ರಯಲ್ಲಿನ ಹಾಗೇ ಮಾಡುತ್ತಾರೆ.

ಮೊದಲು 5 ಕೆಜಿ ಈರುಳ್ಳಿ. ಉಪ್ಪಿಟ್ಟಿಗೆ ಸಣ್ಣಗೆ, ಸಾಗುವಿಗೆ ದಪ್ಪ, ಅಷ್ಟೇ ಹೇಳಿ ಸುಮ್ಮನಿರುತ್ತೇನೆ. ಎಷ್ಟು ಬೇಗ ಮುಗಿಸಿದ ಅನ್ನುವುದನ್ನು ಗಡಿಯಾರ ಹೇಳುತ್ತದೆ, ನಾನು ನೋಡುವುದು ಬೇರೆ. ಸಿಪ್ಪೆ ಎಲ್ಲಿ ಹಾಕಲಿ ಅಂತ ಕೇಳಿದನೋ, ನೆಲಕ್ಕೇ ಹಾಕಿದನೋ? ನಡುವೆ ಫೋನ್ ಬಂದರೆ ಎತ್ತಿ ಮಾತಾಡಿ, ಕೈ ತೊಳೆದು ಚಾಕು ಹಿಡಿದನೋ, ಹಾಗೇ ಹಿಡಿದನೋ? ಕೊಳೆತ ಗಡ್ಡೆಯನ್ನು ಬದಿಗಿಟ್ಟನೋ, ಒಳ್ಳೆಯದರ ಜೊತೆ ಸೇರಿಸಿ ಹೆಚ್ಚಿಬಿಟ್ಟನೋ? ಆಮೇಲೆ 2 ಕೆಜಿ ಬೀನ್ಸ್. ಪಲ್ಯಕ್ಕೆ ಬೀನ್ಸ್ ಒಂದೇ ಅಳತೆಗೆ ಬೀಳದಿದ್ದರೆ ಅರ್ಧ ಬೆಂದು ಅರ್ಧ ಹಸಿ ಉಳಿಯುತ್ತದೆ. ಆಮೇಲೆ ಕಾಯಿ. ತುರಿಯುವ ಮಷೀನಿಗೆ ಹಿಡಿದಾಗ ಕಪ್ಪು ಸಿಪ್ಪೆ ತಾಗುವ ಮೊದಲೇ ಕೈ ಹಿಂದಕ್ಕೆ ಬರಬೇಕು, ಇಲ್ಲದಿದ್ದರೆ ಚಟ್ನಿಯ ಬಣ್ಣ ಕೆಡುತ್ತದೆ. ಬಿಳಿ ಚಟ್ನಿಗೇ ನಮ್ಮಲ್ಲಿಗೆ ಬರುವವರಿದ್ದಾರೆ.

ಕೊನೆಗೆ ಗ್ರೈಂಡರು. ಇದು ನಮ್ಮನೆಯವರ ವಿಭಾಗ. ಇಡ್ಲಿಗೆ ಒಂದು ಪಾಲು ಉದ್ದು, ಎರಡು ಪಾಲು ಇಡ್ಲಿ ರವೆ. ರವೆ ಆಮೇಲೆ ಬೆರೆಸುವುದು, ರುಬ್ಬುವುದು ಉದ್ದನ್ನು ಮಾತ್ರ. ತಣ್ಣೀರನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾ ಹೋದರೆ ಕಲ್ಲು ಬಿಸಿಯಾಗುವುದಿಲ್ಲ, ಹಿಟ್ಟು ಅರಳುತ್ತದೆ. ಆಯಿತು ಅಂದಮೇಲೆ ಒಂದು ಚಿಟಿಕೆ ತೆಗೆದು ನೀರಿನ ಲೋಟಕ್ಕೆ ಹಾಕುತ್ತಾರೆ. ತೇಲಿದರೆ ಪಾಸು. ಆದರೆ ಅದಕ್ಕೂ ಮುಂಚೆ ಇನ್ನೊಂದು ಪರೀಕ್ಷೆ ಇದೆ, ಅದನ್ನು ಯಾರಿಗೂ ಹೇಳುವುದಿಲ್ಲ. ಕಲ್ಲು ತಿರುಗುತ್ತಿರುವಾಗ ಬದಿಗೆ ಅಂಟಿದ ಹಿಟ್ಟನ್ನು ಕೈ ಹಾಕಿ ಬಳಿಯುವವನು ಎಷ್ಟೇ ಚೆನ್ನಾಗಿ ರುಬ್ಬಲಿ, ನಮಗೆ ಬೇಡ. ಸ್ವಿಚ್ ಆರಿಸಿ ಬಳಿಯಬೇಕು. ಹಿಂದೊಮ್ಮೆ ಒಬ್ಬರ ಬೆರಳು ಹೋಗುವುದು ಕೂದಲೆಳೆಯಲ್ಲಿ ತಪ್ಪಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಂದ ಮೂವರಲ್ಲಿ ಒಬ್ಬ ಒಡಿಶಾದ ಬಾಲಸೋರಿನ ಕಡೆಯವನು. ನನ್ನ ಹಿಂದಿ ದೂರದರ್ಶನ ನೋಡಿ ಕಲಿತದ್ದು, ಅವನದು ಕೆಲಸದ ಜಾಗಗಳಲ್ಲಿ ಕಲಿತದ್ದು, ಹೇಗೋ ನಡೆಯಿತು. ಈರುಳ್ಳಿಯಲ್ಲಿ ಮೂವರ ಪೈಕಿ ಎಲ್ಲರಿಗಿಂತ ನಿಧಾನ ಅವನೇ. ಆದರೆ ಗ್ರೈಂಡರಿನ ಮುಂದೆ ನಿಂತವನು ಮೊದಲು ಸ್ವಿಚ್ ಎಲ್ಲಿದೆ ಅಂತ ಹುಡುಕಿದ. ನಮ್ಮನೆಯವರು ನನ್ನ ಕಡೆ ತಿರುಗಿ ‘ಹ್ವಾಯ್, ಆ ಮಾಣಿನ್ನ ಕಾಣ್’ ಅಂದರು, ಆ ಹುಡುಗನ್ನ ನೋಡು ಅಂತ. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಸರ್ಟಿಫಿಕೇಟ್ ಅಂದಾಗ ನೆನಪಾಯಿತು. ಆಹಾರ ಮುಟ್ಟುವ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯ್ಡ್ ಥರದ ಕರುಳಿನ ರೋಗಗಳಿಗೆ ಲಸಿಕೆ ಹಾಕಿಸಿರಬೇಕು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಲ್ಲಿ ಅದು ಇದೆ. ‘ಮೆಡಿಕಲ್ ಎಲ್ಲಾ ನಾವೇ ಮಾಡಿಸಿ ಕಳಿಸ್ತೀವಿ’ ಅಂತ ಏಜೆನ್ಸಿ ಹೇಳಿತ್ತು. ಮೂರು ಕಾಗದ ಬಂದವು. ಮೂರರಲ್ಲೂ ಒಂದೇ ತಾರೀಖು, ಒಂದೇ ರಕ್ತದ ಗುಂಪು, ಒಂದೇ ತೂಕ 58 ಕೆಜಿ. ಮೂವರಲ್ಲಿ ಒಬ್ಬ ಬಾಗಿಲಿಗೆ ಅಡ್ಡಲಾಗಿ ನಿಂತರೆ ಬೆಳಕು ಬರುತ್ತಿರಲಿಲ್ಲ! ಕಾಗದ ಮಡಿಚಿಟ್ಟು ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬೇರೆಯಾಗಿ ಮಾಡಿಸಿದೆ. ಖರ್ಚು ನನ್ನದು. ಸ್ಟಾರ್ ಕಡಿಮೆಯಾದದ್ದು ಇಲ್ಲಿಂದ.

ಕಾಗದದ ಕೆಲಸ ನೀವೇ ಮಾಡಿಕೊಳ್ಳಿ, ಏಜೆನ್ಸಿಯ ಮೇಲೆ ಬಿಡಬೇಡಿ. ಹತ್ತು ಜನಕ್ಕಿಂತ ಹೆಚ್ಚಿರುವುದರಿಂದ ನಮಗೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಅನ್ವಯಿಸುತ್ತದೆ. 16,000 ಸಂಬಳಕ್ಕೆ ನಮ್ಮ ಪಾಲು ಶೇ 3.25, ಅಂದರೆ 520 ರೂಪಾಯಿ. ಅವರ ಪಾಲು ಶೇ 0.75, ಅಂದರೆ 120. ‘ಏಜೆನ್ಸಿ ಜನಕ್ಕೆ ಅದೆಲ್ಲ ಬೇಡ ಮೇಡಂ’ ಅಂದ ಮೇಜಿನ ಹಿಂದಿನವನು. ಜನ ಅವನವರಲ್ಲ, ನನ್ನ ಸಂಬಳ ತೆಗೆದುಕೊಳ್ಳುವವರು. ಸಾಂಬಾರು ಚೆಲ್ಲಿ ಕಾಲು ಸುಟ್ಟರೆ ಆಸ್ಪತ್ರೆಗೆ ಓಡುವವಳು ನಾನು.

ಮುಂದಿನ ಕಥೆ ಬೇಗ ಮುಗಿಯುತ್ತದೆ. ದಪ್ಪಗಿದ್ದವನು ಮನೆಯಲ್ಲಿ ಕಷ್ಟ ಅಂತ 4,000 ಅಡ್ವಾನ್ಸ್ ತೆಗೆದುಕೊಂಡು ಆರನೇ ದಿನ ಕಾಣೆಯಾದ. ಎರಡನೆಯವನು 19ನೇ ದಿನ ಹೋದ, ಆದರೆ ಅವನು ಹೇಳಿಯೇ ಹೋದ: ಮಾಗಡಿ ರೋಡಿನ ಇನ್ನೊಂದು ಹೋಟೆಲಿಗೆ, 1,500 ಜಾಸ್ತಿಗೆ. ಅಲ್ಲಿಗೆ ಕಳಿಸಿದ್ದು ಯಾರು ಗೊತ್ತಾ? ಇದೇ ಏಜೆನ್ಸಿ. ನನ್ನಿಂದ 8,000, ಅವರಿಂದ ಎಷ್ಟೋ. ಹೋಗುವಾಗ ಆ ಹುಡುಗ ಇನ್ನೊಂದು ಮಾತು ಹೇಳಿದ. ನನ್ನ ಹತ್ತಿರ ಕೆಲಸ ಕೊಡಿಸಿದ್ದಕ್ಕೆ ಅವನಿಂದಲೂ 3,000 ಕಿತ್ತುಕೊಂಡಿದ್ದರಂತೆ. ಎರಡೂ ಕಡೆ ಕಮಿಷನ್ ತಿನ್ನುವವನಿಗೆ ಹುಡುಗ ಒಂದೇ ಕಡೆ ನಿಂತರೆ ಲಾಭ ಎಲ್ಲಿಂದ ಬರಬೇಕು?

ಗ್ಯಾರಂಟಿ ಕೇಳಿದೆ. ‘ನೀವು ಬೈದಿರ್ತೀರ, ಅದಕ್ಕೆ ಹೋಗಿದಾನೆ’ ಅಂದರು. ನಾಲ್ಕು ಸಲ ಫೋನ್ ಮಾಡಿದ ಮೇಲೆ ಒಬ್ಬನನ್ನು ಕಳಿಸಿದರು. ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1, ಲೆಕ್ಕಕ್ಕೆ 19 ವರ್ಷ. ಮುಖ ನೋಡಿದರೆ ನನ್ನ ತಂಗಿಯ ಮಗನ ವಯಸ್ಸು, ಅವನು ಒಂಬತ್ತನೇ ಕ್ಲಾಸು. ಹೋಟೆಲಿನಲ್ಲಿ 14 ವರ್ಷದೊಳಗಿನವರನ್ನು ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಿದ್ದಾರೆ. ಇವನು ಅದಕ್ಕಿಂತ ದೊಡ್ಡವನೇ ಇರಬಹುದು. ಆದರೆ ಗ್ರೈಂಡರು, ಬಾಯ್ಲರು ಇರುವ ಕೋಣೆಗೆ 18 ತುಂಬದವರು ಬೇಡ ಅನ್ನುವುದು ನಮ್ಮ ಮನೆಯ ನಿಯಮ. ಎರಡು ಮಸಾಲೆ ದೋಸೆ ತಿನ್ನಿಸಿ, ಬಸ್ಸಿನ ಕಾಸು ಕೊಟ್ಟು ವಾಪಸ್ ಕಳಿಸಿದೆ. ಎಲ್ಲಿಗೆ ಹೋದನೋ. ಇನ್ನೊಂದು ಹೋಟೆಲಿಗೇ ಕಳಿಸಿರುತ್ತಾರೆ ಅನ್ನುವುದು ಆಗಲೇ ಹೊಳೆಯಬೇಕಿತ್ತು, ರಾತ್ರಿ ಮಲಗಿದಾಗ ಹೊಳೆಯಿತು.

ಇಷ್ಟೆಲ್ಲ ಅವರ ಮೇಲೆ ಹೇಳಿದ ಮೇಲೆ ನನ್ನದೂ ಹೇಳಬೇಕು. ಆ ಏಜೆನ್ಸಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಜನ ಎಲ್ಲಿ ಮಲಗುತ್ತಾರೆ, ವಾರದ ರಜೆ ಯಾವತ್ತು, ರಾತ್ರಿ ಊಟ ಏನು? ಸಂಬಳ ಎಷ್ಟು ಅನ್ನುವುದಷ್ಟೇ ಅವರಿಗೆ ಬೇಕಿತ್ತು, ಯಾಕೆಂದರೆ ಅದರ ಅರ್ಧ ಅವರದ್ದು. ಕೇಳಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಹೋಟೆಲಿನ ಮೇಲಿನ ರೂಮು ಶೀಟಿನದು, ಕಿಟಕಿ ಒಂದೇ, ಅದೂ ಹೊಗೆ ಕೊಳವೆಯ ಕಡೆಗೆ. ಅಲ್ಲಿ ಐದು ಜನ. ವಾರದ ರಜೆ ಅಂತ ಪುಸ್ತಕದಲ್ಲಿತ್ತು, ‘ಈ ವಾರ ಅಡ್ಜಸ್ಟ್ ಮಾಡ್ಕೋ’ ಅಂತ ಎಷ್ಟು ವಾರ ಹೇಳಿದ್ದೇನೋ ಲೆಕ್ಕವಿಲ್ಲ. ಬಾಲಸೋರಿನ ಹುಡುಗನೊಬ್ಬನೇ ಟ್ರಯಲ್ ದಿನ ಸಂಬಳಕ್ಕಿಂತ ಮೊದಲು ‘ಮಲಗುವುದು ಎಲ್ಲಿ?’ ಅಂತ ಕೇಳಿದ್ದ. ಇದೇನು ಅಧಿಕಪ್ರಸಂಗ ಅಂತ ಆವತ್ತು ಅನ್ನಿಸಿತ್ತು. ಇರುವ ಉದ್ದೇಶ ಇದ್ದವನಷ್ಟೇ ಅದನ್ನು ಕೇಳುತ್ತಾನೆ. ಡಿಸೆಂಬರಿನಲ್ಲಿ ರೂಮಿನ ಇನ್ನೊಂದು ಗೋಡೆ ಒಡೆದು ಕಿಟಕಿ ಇಡಿಸಿದೆವು, ಎರಡು ಫ್ಯಾನು ಹಾಕಿಸಿದೆವು. ಏಜೆನ್ಸಿಗೆ ಕೊಟ್ಟ 25,000ಕ್ಕಿಂತ ಕಡಿಮೆಯಲ್ಲೇ ಆಯಿತು.

ಮೊಬೈಲ್ ಆ್ಯಪ್ ಕೂಡ ನೋಡಿದೆ. ಒಂದು ಜಾಹೀರಾತಿಗೆ ಎರಡು ದಿನದಲ್ಲಿ 70 ಫೋನು ಬಂದವು. ಬರುತ್ತೇನೆ ಅಂದವರು 11, ಬಂದವರು ಇಬ್ಬರು, ಅವರಲ್ಲೊಬ್ಬ ಡೆಲಿವರಿ ಕೆಲಸ ಅಂದುಕೊಂಡು ಬೈಕ್ ತಂದಿದ್ದ.

ತರಕಾರಿಗೆ ಈಗ ನಮ್ಮಲ್ಲಿರುವುದು ಗಂಗಾವತಿ ಕಡೆಯ ಒಬ್ಬ ಹೆಂಗಸು. ಸಿಕ್ಕಿದ್ದು ಕಲಾಸಿಪಾಳ್ಯದ ತರಕಾರಿ ಮಂಡಿಯವರ ಮೂಲಕ. ಮಂಡಿಯವರಿಗೆ ಕಮಿಷನ್ ಅಂತ ಕೊಟ್ಟದ್ದು ಅರ್ಧ ಕೆಜಿ ಮೈಸೂರು ಪಾಕು. ಟ್ರಯಲ್ಲಿನಲ್ಲಿ ಚಾಕು ಬೇಡ ಅಂತ ಈಳಿಗೆ ಮಣೆ ಕೇಳಿದಳು. ಮನೆಯಿಂದ ತಂದುಕೊಟ್ಟೆ. ಕಾಲ ಕೆಳಗೆ ಮಣೆ ಒತ್ತಿ ಕೂತು ಬೀನ್ಸ್ ಹೆಚ್ಚಿದ್ದು ಅಳತೆಪಟ್ಟಿ ಇಟ್ಟ ಹಾಗೆ. ನೆಲದ ಮೇಲೆ ಕೂತು ಹೆಚ್ಚುವುದು ಸರಿಯಿಲ್ಲ ಅಂತ ಎತ್ತರದ ಮಂಚದಂಥ ಕಟ್ಟೆ ಮಾಡಿಸಿ, ಮೇಲೆ ಸ್ಟೀಲ್ ತಗಡು ಹೊಡೆಸಿಕೊಟ್ಟಿದ್ದೇವೆ. ಆ ಕಟ್ಟೆಯ ಮೇಲೆ ಬೇರೆ ಯಾರೂ ಕೂರುವಂತಿಲ್ಲ, ಅದು ಅವಳ ನಿಯಮ.

ಹಾಗಾದರೆ ಏಜೆನ್ಸಿಗೆ ಹೋಗಬೇಕೇ? ನಾಳೆ ಬೆಳಗ್ಗೆ ಬಾಗಿಲು ತೆರೆಯಲು ಜನವೇ ಇಲ್ಲ ಅನ್ನುವ ಹೊತ್ತಿಗೆ ಹೋಗಿ, ನಾನೂ ಹೋಗುತ್ತೇನೆ. ಆದರೆ ಕಾಸು ಎರಡು ಕಂತಿನಲ್ಲಿ ಕೊಡಿ: ಬಂದಾಗ ಅರ್ಧ, 30 ದಿನ ತುಂಬಿದಾಗ ಅರ್ಧ. ಒಪ್ಪದಿದ್ದರೆ ಎದ್ದು ಬನ್ನಿ. ನಾನು ಮೆಟ್ಟಿಲ ತನಕ ಎದ್ದು ಬಂದಿದ್ದರೆ ಒಪ್ಪುತ್ತಿದ್ದರು ಅಂತ ಆಮೇಲೆ ಪಕ್ಕದ ಬೇಕರಿಯವರು ಹೇಳಿದರು. ಹುಡುಗರಿಂದ ಕಾಸು ತೆಗೆದುಕೊಂಡಿದ್ದಾರಾ ಅಂತ ಮೊದಲ ದಿನವೇ ಹುಡುಗರನ್ನೇ ಕೇಳಿ. ಎರಡನೇ ಸ್ಟಾರು ಬಾಲಸೋರಿನ ಹುಡುಗನಿಗಾಗಿ, ಅವನನ್ನು ನನ್ನ ಬಾಗಿಲಿಗೆ ತಂದದ್ದು ಅವರೇ ತಾನೇ.

ಅವನು ಈಗ ‘ಅಕ್ಕಾ, ಕಾಯಿ ಸಾಕಾ?’ ಅನ್ನುವಷ್ಟು ಕನ್ನಡ ಕಲಿತಿದ್ದಾನೆ. ಜೂನಿನಲ್ಲಿ ಅವರ ಊರಲ್ಲಿ ‘ರಜ’ ಅನ್ನುವ ಹಬ್ಬ, ಇಪ್ಪತ್ತು ದಿನ ಬೇಕಂತೆ. ಬರುವಾಗ ಚಿಕ್ಕಪ್ಪನ ಮಗನನ್ನು ಕರೆತರುತ್ತೇನೆ ಅಂದ. ಅವನಿಗೆ ರುಬ್ಬಲು ಬರುತ್ತಾ ಅಂತ ಕೇಳಿದೆ. ‘ಸ್ವಿಚ್ ಆರಿಸೋದು ನಾನು ಹೇಳ್ಕೊಡ್ತೀನಿ’ ಅಂದ. ಅಂದರೆ ನಮ್ಮ ಗುಟ್ಟಿನ ಪರೀಕ್ಷೆ ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು! ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೌರಾ ಕಡೆಯ ರೈಲಿಗೆ ಹೋಗುವ ಟಿಕೆಟ್ ಅವನೇ ಮಾಡಿಸಿಕೊಂಡಿದ್ದಾನೆ. ಬರುವ ಟಿಕೆಟ್ ಇಬ್ಬರಿಗೂ ನಾನು ಮಾಡಿಸಿದ್ದೇನೆ. ಸದ್ಯಕ್ಕೆ ವೇಟಿಂಗ್ ಲಿಸ್ಟ್ 41, 42.