ಮರದ ಮುಚ್ಚಿಗೆಯ ಮನೆಗಳಲ್ಲಿ ನಾಲ್ಕು ವರ್ಷ: ಗೊಡಾಕ್ಸ್ ಎಕ್ಸ್‌ಪ್ರೊ ಟ್ರಿಗರ್ ಮತ್ತು ವಿ860 ಫ್ಲ್ಯಾಶ್

ಮಲೆನಾಡಿನ ಹಳೆಯ ಮನೆಗಳಲ್ಲಿ ಹಿರಿಯರ ಭಾವಚಿತ್ರ ತೆಗೆಯುವವರಿಗೆ ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಹೆಚ್ಚು ಉಪಯೋಗಕ್ಕೆ ಬಾರದು. ಬಿಳಿಯ ತಾರಸಿಗೆ ಬೆಳಕನ್ನು ಹಾಯಿಸಿ ಮೃದುವಾಗಿ ಕೆಳಗಿಳಿಸಿಕೊಳ್ಳುವ ಉಪಾಯ ಇಲ್ಲಿ ನಡೆಯುವುದಿಲ್ಲ; ಹೊಗೆ ಹಿಡಿದು ಕಪ್ಪಾದ ಮರದ ಮುಚ್ಚಿಗೆ ಬಹುಪಾಲು ಬೆಳಕನ್ನು ನುಂಗಿ, ಉಳಿದಷ್ಟಕ್ಕೆ ಕಂದು ಬಣ್ಣ ಹಚ್ಚಿ ಕಳಿಸುತ್ತದೆ. ಈ ಕಾರಣಕ್ಕಾಗಿಯೇ ನಾಲ್ಕು ವರ್ಷಗಳ ಹಿಂದೆ ನನ್ನ ಕ್ಯಾನನ್ 80ಡಿ ಕ್ಯಾಮೆರಾಕ್ಕೆ, ಅದರ ಮೇಲೆ ಕೂತು ದೂರದ ಫ್ಲ್ಯಾಶನ್ನು ಉರಿಸುವ ಗೊಡಾಕ್ಸ್ ಕಂಪನಿಯ ಎಕ್ಸ್‌ಪ್ರೊ ಟ್ರಿಗರನ್ನೂ ವಿ860ರ ಎರಡನೆಯ ಆವೃತ್ತಿಯ ಒಂದು ಫ್ಲ್ಯಾಶನ್ನೂ ಕೊಂಡೆ; ಇನ್ನೊಂದು ಫ್ಲ್ಯಾಶ್ ಒಂದು ವರ್ಷದ ಬಳಿಕ ಬಂತು.

ಇವು 2.4 ಗಿಗಾಹರ್ಟ್ಸ್ ರೇಡಿಯೊ ತರಂಗಗಳಲ್ಲಿ ಮಾತಾಡಿಕೊಳ್ಳುವುದರಿಂದ ಟ್ರಿಗರಿಗೆ ಫ್ಲ್ಯಾಶ್ ಕಾಣಿಸುತ್ತಿರಬೇಕೆಂಬ ನಿಯಮವಿಲ್ಲ. ಫ್ಲ್ಯಾಶನ್ನು ಜಗಲಿಯ ದಪ್ಪ ಕಂಬದ ಹಿಂದೆ ಮರೆಮಾಡಬಹುದು. ಮಳೆಗಾಲದ ಮಬ್ಬಿನಲ್ಲಿ ಕಿಟಕಿಯ ಹೊರಗೆ ಮಾಡಿನ ಕೆಳಗಿಟ್ಟು, ಕಿತ್ತಳೆ ಬಣ್ಣದ ಜೆಲ್ (ಪಾರದರ್ಶಕ ಹಾಳೆ) ಕಟ್ಟಿ, ನಡುಮನೆಗೆ ಇಳಿಬಿಸಿಲನ್ನು ತರಬಹುದು.

ಆದರೆ ಈ ಉಪಕರಣವನ್ನು ನಾನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣ ಬೇರೆಯದು. ಅಡಿಕೆ ಸುಲಿಯುತ್ತಿದ್ದ ಕಾಲದ ಮಾತು ಬಂದಾಗ ಅಜ್ಜಿಯೊಬ್ಬರ ಮುಖ ತಾನಾಗಿಯೇ ಸಡಿಲಗೊಂಡು ಅರಳುವ ಒಂದು ಗಳಿಗೆ ಇರುತ್ತದೆ. ಆಗ ನಾನು ಎದ್ದುಹೋಗಿ ಫ್ಲ್ಯಾಶಿನ ಗುಂಡಿ ಒತ್ತಿ ಬಂದರೆ, ಅಷ್ಟರಲ್ಲಿ ಅವರು ಗುರುತಿನ ಚೀಟಿಯ ಚಿತ್ರಕ್ಕೆ ಕೂತವರಂತೆ ಬಿಗಿಯಾಗಿರುತ್ತಾರೆ. ಫ್ಲ್ಯಾಶ್‌ಗಳನ್ನು ಎ, ಬಿ ಎಂಬ ಗುಂಪುಗಳಾಗಿ ಹಂಚಬಹುದಾದ ಎಕ್ಸ್‌ಪ್ರೊದಲ್ಲಿ ಬೇಕಾದ ಗುಂಪಿನ ಗುಂಡಿ ಒತ್ತಿ ಚಕ್ರ ತಿರುಗಿಸಿದರೆ ಕೂತಲ್ಲಿಂದಲೇ ಬೆಳಕು ಏರುತ್ತದೆ, ಇಳಿಯುತ್ತದೆ, ಮಾತು ತುಂಡಾಗುವುದಿಲ್ಲ. ನನ್ನ ಮಟ್ಟಿಗೆ ಕೊಟ್ಟ ಹಣ ಇದೊಂದಕ್ಕೇ ಸಂದಿದೆ.

ಸಾಮಾನ್ಯವಾಗಿ ಎ ಗುಂಪಿನ ಫ್ಲ್ಯಾಶನ್ನು ಬಿಳಿ ಕೊಡೆಯ ಮೂಲಕ, ಮುಖದಿಂದ ನಾಲ್ಕಡಿ ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಓರೆಯಾಗಿ ನಿಲ್ಲಿಸುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400, ಎಫ್ (ಲೆನ್ಸಿನ ಕಿಂಡಿಯ ಅಳತೆ) 5.6ಕ್ಕೆ ಅದರ ಶಕ್ತಿಯ 1/16 ಅಥವಾ 1/32 ಭಾಗ ಸಾಕಾಗುತ್ತದೆ. ಕೊಡೆ ಹತ್ತಿರವಾದಷ್ಟೂ ಸುಕ್ಕುಗಳ ನೆರಳು ಮೃದುವಾಗುತ್ತದೆ, ಹಿಂದಿನ ಗೋಡೆ ಕತ್ತಲಿಗೆ ಸರಿಯುತ್ತದೆ. ದೂರ ಅರ್ಧಕ್ಕಿಳಿದರೆ ಬೆಳಕು ನಾಲ್ಕು ಪಟ್ಟಾಗುವುದರಿಂದ ಶಕ್ತಿಯನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವಷ್ಟು) ಇಳಿಸಬೇಕು. ಕಪ್ಪು ಕೂದಲು ಕಪ್ಪು ಗೋಡೆಯಲ್ಲಿ ಕರಗಿಹೋಗುವ ಕಡೆ ಮಾತ್ರ ಬಿ ಗುಂಪನ್ನು 1/64ರಲ್ಲಿ ಹಿಂದಿನಿಂದ ಬಳಸುತ್ತೇನೆ.

ಬಿಳಿ ಪಂಚೆ ಮತ್ತು ಕಪ್ಪು ಗೋಡೆಯ ನಡುವೆ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಕ್ಯಾಮೆರಾ ತಾನೇ ಫ್ಲ್ಯಾಶಿನ ಶಕ್ತಿ ನಿರ್ಧರಿಸುವ ವಿಧಾನ) ಅಳತೆ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ಒಂದು ಚಿತ್ರ ಸರಿಬಂದ ಕೂಡಲೇ ಟ್ರಿಗರಿನ ಟಿಸಿಎಂ ಗುಂಡಿ ಒತ್ತಿ, ಆ ಅಳತೆಯನ್ನು ಶಕ್ತಿ ಸ್ಥಿರವಾಗಿ ನಿಲ್ಲುವ ಮ್ಯಾನುಯಲ್‌ಗೆ ಬದಲಾಯಿಸಿಕೊಳ್ಳುತ್ತೇನೆ. ಹೊರಗಿನ ಬಿಸಿಲಿನಲ್ಲಿ 1/250 ಸೆಕೆಂಡಿನ ಸಿಂಕ್ ಮಿತಿಯನ್ನು (ಫ್ಲ್ಯಾಶಿನೊಂದಿಗೆ ಸಾಮಾನ್ಯವಾಗಿ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗ) ದಾಟಲು ಎಚ್‌ಎಸ್‌ಎಸ್ ಎಂಬ ಅತಿವೇಗದ ಸಿಂಕ್ ವಿಧಾನ ಇದೆ, 1/8000ರ ವರೆಗೂ ಹೋಗಬಹುದು. ಆದರೆ ಅಲ್ಲಿ ಬೆಳಕು ಬಹಳ ಸೋರಿಹೋಗುವುದರಿಂದ ಲೆನ್ಸಿಗೆ ಬೆಳಕು ತಗ್ಗಿಸುವ ಮೂರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ ಮಿತಿಯೊಳಗೇ ಉಳಿಯುವುದು ನನಗೆ ಹೆಚ್ಚು ಒಗ್ಗಿದೆ.

ಒಮ್ಮೆ ಮದುವೆ ಮಂಟಪದಲ್ಲಿ ಇನ್ನೊಬ್ಬ ಛಾಯಾಗ್ರಾಹಕರು ಕ್ಲಿಕ್ಕಿಸಿದಾಗಲೆಲ್ಲ ನನ್ನ ಫ್ಲ್ಯಾಶ್ ಉರಿಯುತ್ತಿತ್ತು. ಇಬ್ಬರೂ ರೇಡಿಯೊದ ಮೊದಲನೆಯ ಚಾನೆಲ್‌ನಲ್ಲಿದ್ದೆವು. ಒಟ್ಟು 32 ಚಾನೆಲ್‌ಗಳಿರುವುದರಿಂದ ಈಗ ಮಂಟಪ ಹೊಕ್ಕೊಡನೆ ಚಾನೆಲ್ ಬದಲಿಸುತ್ತೇನೆ.

ಲಿಥಿಯಂ ಬ್ಯಾಟರಿ ಒಂದು ದಿನದ ಭಾವಚಿತ್ರದ ಕೆಲಸಕ್ಕೆ ಧಾರಾಳವಾಗಿ ಸಾಕು. ಬೇರೆ ತಯಾರಕರ ಅಗ್ಗದ ಬದಲಿ ಬ್ಯಾಟರಿಯೊಂದನ್ನು ಕೊಂಡಿದ್ದೆ. ಒಂದೇ ಮಳೆಗಾಲದಲ್ಲಿ ಅದು ಉಬ್ಬಿಕೊಂಡಿತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಎಲ್ಲವನ್ನೂ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡುತ್ತೇನೆ, ಟ್ರಿಗರಿನ ಎರಡು ಪೆನ್ಸಿಲ್ ಸೆಲ್‌ಗಳನ್ನು ಹೊರತೆಗೆದೇ ಇಡುತ್ತೇನೆ.

ಕೊಳ್ಳುವವರು ಮೊದಲು ಒಂದು ಫ್ಲ್ಯಾಶ್, ಒಂದು ಕೊಡೆ, ಗಾಳಿಗೆ ಬೀಳದಷ್ಟು ಭಾರದ ಸ್ಟ್ಯಾಂಡ್ ಕೊಂಡರೆ ಸಾಕು. ಟ್ರಿಗರ್ ಮಾತ್ರ ನಿಮ್ಮ ಕ್ಯಾಮೆರಾದ ಕಂಪನಿಗೆ ಹೊಂದುವ ಮಾದರಿಯದೇ ಆಗಿರಲಿ. ಮುಂದೆ ಕ್ಯಾಮೆರಾ ಬದಲಿಸಿದರೂ ಸ್ಟ್ಯಾಂಡಿನ ಮೇಲಿನ ಫ್ಲ್ಯಾಶ್ ಹೊಸ ಗೊಡಾಕ್ಸ್ ಟ್ರಿಗರಿನ ಮಾತನ್ನು ಕೇಳುತ್ತದೆ.